ಸಾಂತಾ ಮರಿಯಾ ನೊವೆಲ್ಲಾ ಚರ್ಚ್: ಎಲ್ಲೆಲ್ಲಿ ನಿಂತು ನೋಡಬೇಕು?

ಇಟಲಿಯ ಫ್ಲಾರೆನ್ಸ್‌ನ ದೊಡ್ಡ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೆ ಒಂದು ಚರ್ಚಿನ ಬೆನ್ನು ಕಾಣುತ್ತದೆ. ಕಂದು ಕಲ್ಲಿನ ಗೋಡೆ, ಪಕ್ಕದಲ್ಲಿ ಚೂಪು ತುದಿಯ ಗಂಟೆಗೋಪುರ. ಸ್ಟೇಷನ್ನಿಗೆ ಹೆಸರು ಬಂದದ್ದೇ ಆ ಚರ್ಚಿನಿಂದ. ಆದರೂ ಹೆಚ್ಚಿನವರು ಅದನ್ನು ಸುತ್ತು ಹಾಕಿಕೊಂಡು ಊರ ನಡುವಿನ ಕೆಂಪು ಗುಮ್ಮಟದ ಕಡೆ ಓಡುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದೆ. ವಾಪಸ್ ಹೊರಡುವ ದಿನ ರೈಲಿಗೆ ಇನ್ನೂ ಒಂದು ಗಂಟೆ ಇತ್ತು, ಒಳಗೆ ನುಗ್ಗಿ ಒಂದು ಸುತ್ತು ಹಾಕಿ ಬಂದೆ. ರೈಲಿನಲ್ಲಿ ಕೂತು ಏನು ನೋಡಿದೆ ಅಂತ ನೆನಪಿಸಿಕೊಂಡರೆ ತಲೆಯಲ್ಲಿ ಬರೀ ಬಣ್ಣ, ಬರೀ ಕಂಬ.

ಸಮಯ ಸಾಲಲಿಲ್ಲ, ನಿಜ. ಆದರೆ ನಾನು ಜಾಸ್ತಿ ಎಡವಿದ್ದು ನಿಂತ ಜಾಗದಲ್ಲಿ. ಈ ಚರ್ಚನ್ನು ಕಟ್ಟಿದವರೂ ಇಲ್ಲಿ ಚಿತ್ರ ಬರೆದವರೂ ನೋಡುವವರು ಎಲ್ಲಿ ನಿಲ್ಲುತ್ತಾರೆ ಅಂತ ಲೆಕ್ಕ ಹಾಕಿ ಕೆಲಸ ಮಾಡಿದವರು. ಆ ಜಾಗ ಬಿಟ್ಟು ಬೇರೆ ಕಡೆ ನಿಂತರೆ ಅರ್ಧ ಕಳೆದುಕೊಳ್ಳುತ್ತೀರಿ. ಹಾಗಾಗಿ ಈ ಲೇಖನದಲ್ಲಿ ನಿಲ್ಲುವ ಜಾಗಗಳನ್ನೇ ಒಂದೊಂದಾಗಿ ಹೇಳುತ್ತಾ ಹೋಗುತ್ತೇನೆ.

ಹೊರಡುವ ಮುಂಚೆ

ಈ ಚರ್ಚು ಡೊಮಿನಿಕನ್ ಎಂಬ ಕ್ರೈಸ್ತ ಪಂಗಡದ ಕಾನ್ವೆಂಟಿನದು. ನಮ್ಮಲ್ಲಿ ಕಾನ್ವೆಂಟ್ ಅಂದರೆ ಟೈ ಕಟ್ಟಿಕೊಂಡು ಹೋಗುವ ಇಂಗ್ಲಿಷ್ ಶಾಲೆ. ಇಲ್ಲಿ ಅದರ ಹಳೆಯ ಅರ್ಥ ಇಟ್ಟುಕೊಳ್ಳಿ: ಸನ್ಯಾಸಿಗಳ ಮಠ. ಡೊಮಿನಿಕನ್ನರು ಬೆಟ್ಟದ ಮೇಲೆ ಬಾಗಿಲು ಹಾಕಿಕೊಂಡು ತಪಸ್ಸು ಮಾಡುವವರಲ್ಲ. ಊರೊಳಗೇ ಇದ್ದು, ಭಿಕ್ಷೆಯಿಂದ ಬದುಕಿ, ಜನರಿಗೆ ಬೋಧನೆ ಮಾಡುವುದೇ ಅವರ ಕಸುಬು. ನಮ್ಮ ಜಂಗಮರ ನೆನಪಾದರೆ ತಪ್ಪೇನಿಲ್ಲ. ಸಂತ ಡೊಮಿನಿಕ್ ಕಟ್ಟಿದ ಈ ಪಂಗಡಕ್ಕೆ ಪೋಪ್ ಒಪ್ಪಿಗೆ ಕೊಟ್ಟದ್ದು 1216ರಲ್ಲಿ. ಐದೇ ವರ್ಷದಲ್ಲಿ, 1221ರಲ್ಲಿ, ಫ್ಲಾರೆನ್ಸ್‌ನ ಗೋಡೆಯಾಚೆ ದ್ರಾಕ್ಷಿತೋಟಗಳ ನಡುವೆ ಇದ್ದ ಒಂದು ಸಣ್ಣ ಮರಿಯಮ್ಮನ ಗುಡಿ ಅವರ ಕೈಗೆ ಬಂತು. ಅದರ ಜಾಗದಲ್ಲಿ ಎದ್ದ ಹೊಸ ಚರ್ಚೇ ‘ನೊವೆಲ್ಲಾ’, ಅಂದರೆ ಹೊಸದು. ಹೊಸದು ಅಂತ ಹೆಸರಿಟ್ಟು ಏಳುನೂರು ವರ್ಷದ ಮೇಲಾಯಿತು!

ಎರಡೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಶುಕ್ರವಾರ ಮತ್ತು ಭಾನುವಾರ ತಡವಾಗಿ ಬಾಗಿಲು ತೆರೆಯುವುದುಂಟು, ಹಿಂದಿನ ದಿನವೇ ಸಮಯ ನೋಡಿಕೊಳ್ಳಿ. ಒಂದು ಸಣ್ಣ ಬೈನಾಕ್ಯುಲರ್ ಸಿಕ್ಕರೆ ಖಂಡಿತ ಜೇಬಿಗೆ ಹಾಕಿಕೊಳ್ಳಿ. ಕೆಲವು ಚಿತ್ರಗಳು ಎಷ್ಟು ಎತ್ತರದಲ್ಲಿವೆ ಅಂದರೆ ಮೊಬೈಲ್ ಜೂಮ್ ಮಾಡಿದರೆ ಬರೀ ಮಬ್ಬು.

ಕರಾವಳಿಯ ಕಡೆಯವರಿಗೆ ಒಂದು ಕಿವಿಮಾತು. ಸುಣ್ಣದ ಗಾರೆಯ ಮೇಲಿನ ಚಿತ್ರ, ಅಂದರೆ ಫ್ರೆಸ್ಕೊ, ಹೇಗಿರುತ್ತದೆ ಅಂತ ಮೊದಲೇ ಕಣ್ಣಿಗೆ ಅಭ್ಯಾಸ ಆಗಬೇಕಿದ್ದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ ಬನ್ನಿ. 1899ರಿಂದ 1901ರವರೆಗೆ ಅದನ್ನು ಚಿತ್ರಿಸಿದ ಜೆಸ್ವಿಟ್ ಬ್ರದರ್ ಆಂಟೊನಿಯೊ ಮೊಸ್ಕೇನಿ ಇಟಲಿಯ ಬೆರ್ಗಮೊ ಕಡೆಯವರು. ಗಾರೆ ಒದ್ದೆ ಇರುವಾಗಲೇ ಬಣ್ಣ ಹಚ್ಚಬೇಕು, ಒಣಗುವಾಗ ಬಣ್ಣವನ್ನು ಸುಣ್ಣವೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಲಾಗುತ್ತದೋ ಅಷ್ಟಕ್ಕೇ ಗಾರೆ ಮೆತ್ತುತ್ತಾರೆ. ಹತ್ತಿರದಿಂದ ನೋಡಿದರೆ ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಗೆರೆ ಕಾಣುತ್ತದೆ. ಈ ಗೆರೆ ಹುಡುಕುವುದು ಒಮ್ಮೆ ರೂಢಿಯಾದರೆ ಬಿಡುವುದು ಕಷ್ಟ.

ಮೊದಲ ಜಾಗ: ಚೌಕದ ನಡುವೆ

ಸೀದಾ ಒಳಗೆ ಹೋಗಬೇಡಿ. ಮುಂದಿನ ಚೌಕಕ್ಕೆ ಬಂದು ಎರಡು ಕಲ್ಲಿನ ಸ್ತಂಭಗಳ ನಡುವೆ ನಿಲ್ಲಿ. ಇವು ಹಿಂದೆ ಕುದುರೆಗಾಡಿ ಪಂದ್ಯದಲ್ಲಿ ಗಾಡಿಗಳು ತಿರುಗುತ್ತಿದ್ದ ಗುರುತಿನ ಕಂಬಗಳು. ಪಂದ್ಯ ಶುರು ಮಾಡಿಸಿದವನು ಊರನ್ನಾಳಿದ ಮೊದಲನೆಯ ಕೋಸಿಮೊ ಮೆದಿಚಿ, 1563ರಲ್ಲಿ. ಕಂಬಗಳನ್ನು ಹೊತ್ತಿರುವುದು ಕಂಚಿನ ಆಮೆಗಳು. ವೇಗದ ಪಂದ್ಯಕ್ಕೆ ಆಮೆ! ಯಾರೋ ನಗುತ್ತಲೇ ಯೋಚಿಸಿರಬೇಕು.

ಈಗ ಚರ್ಚಿನ ಮುಖ ನೋಡಿ. ಬಿಳಿ ಅಮೃತಶಿಲೆ, ಕಡುಹಸಿರು ಕಲ್ಲು. ಕೆಳಗಿನ ಭಾಗ 14ನೇ ಶತಮಾನದ್ದು. ಮೇಲಿನದು ನೂರು ವರ್ಷ ಆಮೇಲಿನದು, ಲಿಯೋನ್ ಬತ್ತಿಸ್ತಾ ಆಲ್ಬರ್ತಿ ಮಾಡಿದ ನಕ್ಷೆ. ಆಲ್ಬರ್ತಿಯ ಕಷ್ಟ ಊಹಿಸಿಕೊಳ್ಳಿ: ಅರ್ಧ ಕಟ್ಟಿಟ್ಟ ಮನೆಗೆ ಹೊಸ ಶೈಲಿಯ ಮಹಡಿ ಎಬ್ಬಿಸಬೇಕು, ಕೆಳಗಿನದನ್ನು ಕೆಡವುವ ಹಾಗಿಲ್ಲ. ನಡುವಿನ ಭಾಗ ಎತ್ತರ, ಎರಡು ಪಕ್ಕದ ಮಾಡು ತಗ್ಗು. ಆ ಏರುಪೇರು ಮುಚ್ಚಲು ಎರಡು ಕಡೆ ದೊಡ್ಡ ಸುರುಳಿ ಇಟ್ಟ. ಮುಂದೆ ಎಷ್ಟೋ ಚರ್ಚುಗಳು ಇದೇ ಉಪಾಯವನ್ನು ನಕಲು ಮಾಡಿದವು.

ಮೇಲಿನ ಸಾಲಿನ ದೊಡ್ಡ ಲ್ಯಾಟಿನ್ ಅಕ್ಷರಗಳಲ್ಲಿ ಇರುವುದು ದೇವರ ಹೆಸರಲ್ಲ, ದುಡ್ಡು ಕೊಟ್ಟವನದು: ಪಾವೊಲೊ ಮಗ ಜೊವಾನ್ನಿ ರುಚೆಲ್ಲಾಯಿ, 1470. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸುತ್ತಾರಲ್ಲ, ಅದರ ದೊಡ್ಡಣ್ಣ ಇದು. ಈ ಮನೆತನ ದುಡ್ಡು ಮಾಡಿದ್ದು ಒಂದು ನೇರಳೆ ಬಣ್ಣದಿಂದ. ಆ ಬಣ್ಣ ಸಿಗುತ್ತಿದ್ದದ್ದು ಬಂಡೆಯ ಮೇಲೆ ಬೆಳೆಯುವ, ನಮ್ಮ ಮಸಾಲೆಯ ಕಲ್ಲುಹೂವಿಗೆ ನೆಂಟನಾಗಬೇಕಾದ ಒಂದು ಗಿಡದಿಂದ, ಅದೂ ಮೂತ್ರದಲ್ಲಿ ಕೊಳೆಹಾಕಿದ ಮೇಲೆ. ಅದರ ಹೆಸರು ಒರಿಚೆಲ್ಲೊ. ಮನೆತನದ ಹೆಸರು ಹುಟ್ಟಿದ್ದೂ ಅದರಿಂದಲೇ.

ಇನ್ನೂ ಒಂದು ವಿಷಯ. ಚರ್ಚುಗಳ ಬಲಿಪೀಠ ಸಾಮಾನ್ಯವಾಗಿ ಪೂರ್ವಕ್ಕಿರುತ್ತದೆ. ಇಲ್ಲಿ ಅದು ಉತ್ತರಕ್ಕೆ, ಮುಖ ದಕ್ಷಿಣಕ್ಕೆ. ಹಾಗಾಗಿ ಮಧ್ಯಾಹ್ನದ ಬಿಸಿಲು ಮುಖದ ಮೇಲೆ ಚೆನ್ನಾಗಿ ಬೀಳುತ್ತದೆ, ಫೋಟೊಗೂ ಒಳ್ಳೆಯದು. ಇದನ್ನು ಬಳಸಿಕೊಂಡವನು ಎನ್ಯಾತ್ಸಿಯೊ ದಾಂತಿ ಎಂಬ ಡೊಮಿನಿಕನ್ ಸನ್ಯಾಸಿ. ಕೆಳಗಿನ ಸಾಲಿನಲ್ಲಿ ಎಡಕ್ಕೂ ಬಲಕ್ಕೂ ಅವನು 1570ರ ದಶಕದಲ್ಲಿ ಹಾಕಿಸಿದ ಸಾಧನಗಳು ಈಗಲೂ ಇವೆ: ಒಂದು ಕಡೆ ಬಳೆಗಳನ್ನು ಜೋಡಿಸಿದ ಹಾಗಿರುವ ಗೋಳಯಂತ್ರ, ಇನ್ನೊಂದು ಕಡೆ ನೆರಳು ಗಡಿಯಾರದ ಗೆರೆಗಳು ತುಂಬಿದ ಅಮೃತಶಿಲೆಯ ಹಲಗೆ. ಹಗಲು ರಾತ್ರಿ ಸಮ ಆಗುವ ದಿನ ಪಂಚಾಂಗಕ್ಕಿಂತ ಹತ್ತು ದಿನ ಮುಂಚೆಯೇ ಬಂದುಬಿಡುತ್ತಿದೆ ಅಂತ ಅವನು ಇಲ್ಲಿ ಅಳೆದ. ಮುಂದೆ ರೋಮಿನಲ್ಲಿ ಕ್ಯಾಲೆಂಡರ್ ತಿದ್ದಿದವರ ಜೊತೆಯಲ್ಲೂ ಇದ್ದ. 1582ರ ಅಕ್ಟೋಬರ್ 4 ಆದ ಮೇಲೆ ನೇರವಾಗಿ 15 ಬಂದದ್ದು ಆ ತಿದ್ದುಪಡಿಯಿಂದ.

ಎರಡನೆಯ ಜಾಗ: ಪಕ್ಕದ ಬಾಗಿಲಿನ ಒಳಗೆ

ಚೌಕದ ಕಡೆಯಿಂದ ಟಿಕೆಟ್ ತೆಗೆದುಕೊಂಡರೆ ಬಲಗಡೆಯ ಹಳೆಯ ಸ್ಮಶಾನದ ಅಂಗಳ ದಾಟಿ ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತೀರಿ. ಬೀದಿಯುದ್ದಕ್ಕೂ ಕಮಾನಿನ ಗೂಡುಗಳು ಇವೆಯಲ್ಲ, ಅವೆಲ್ಲ ಸಿರಿವಂತರ ಗೋರಿಗಳು. ಇಟಾಲಿಯನ್‌ನಲ್ಲಿ ‘ಅವೆಲ್ಲೊ’. ಹೆಣಗಳನ್ನು ಅಷ್ಟೇನೂ ಗಟ್ಟಿಯಾಗಿ ಮುಚ್ಚದೆ ಇಡುತ್ತಿದ್ದದ್ದರಿಂದ ‘ಅವೆಲ್ಲೊ ಹಾಗೆ ನಾರುತ್ತಾನೆ’ ಅನ್ನುವ ಮಾತು ಫ್ಲಾರೆನ್ಸ್‌ನಲ್ಲಿ ಉಳಿದುಕೊಂಡಿದೆ. ಸ್ಟೇಷನ್ ಕಡೆಯಿಂದಲೂ ಪ್ರವೇಶ ಇದೆ. ಆದರೆ ಅಲ್ಲಿಂದ ಹೋಗಬೇಡಿ ಅನ್ನುತ್ತೇನೆ. ಕಾರಣ ಮುಂದಿನ ಸಾಲಿನಲ್ಲಿದೆ.

ಪಕ್ಕದ ಬಾಗಿಲು ದಾಟಿ ಒಳಗೆ ಬಂದು ನಿಂತರೆ ಎದುರಿನ ಗೋಡೆಯಲ್ಲಿ ಒಂದು ಕೋಣೆ ತೆರೆದುಕೊಂಡ ಹಾಗೆ ಕಾಣುತ್ತದೆ. ಕೋಣೆ ಇಲ್ಲ. ಅದು ಮಸಾಚ್ಚೊ 1425–27ರ ಸುಮಾರಿಗೆ ಬರೆದ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು) ಚಿತ್ರ, ಆರೂವರೆ ಮೀಟರಿಗಿಂತ ಎತ್ತರ. ಹಿಂದಿನ ಕಾಲದಲ್ಲೂ ಜನ ಸ್ಮಶಾನ ದಾಟಿ ಈ ಕಡೆಯಿಂದ ಬರುತ್ತಿದ್ದರು. ಚಿತ್ರಕಾರ ಅವರ ಕಣ್ಣಿಗೆ ಲೆಕ್ಕ ಹಾಕಿದ್ದಾನೆ.

ಹತ್ತಿರ ಹೋಗಿ. ಆದರೆ ಗೋಡೆಗೆ ಅಂಟಿಕೊಳ್ಳಬೇಡಿ, ಏಳೆಂಟು ಹೆಜ್ಜೆ ಹಿಂದೆ ನಿಲ್ಲಿ. ಕಮಾನಿನ ಒಳಗಿನ ಚೌಕಗಳ ಗೆರೆಗಳನ್ನು ಕಣ್ಣಿನಲ್ಲೇ ಹಿಡಿದು ಕೆಳಗೆ ಬನ್ನಿ. ಎಲ್ಲವೂ ಶಿಲುಬೆಯ ಬುಡದಲ್ಲಿ ಒಂದೇ ಬಿಂದುವಿಗೆ ಸೇರುತ್ತವೆ, ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಎತ್ತರದಲ್ಲಿ. ಅದಕ್ಕಿಂತ ಮೇಲೆ ಇರುವುದನ್ನು ತಲೆ ಎತ್ತಿ ನೋಡುತ್ತೀರಿ: ಶಿಲುಬೆಯಲ್ಲಿ ಯೇಸು, ಹಿಂದೆ ನಿಂತು ಶಿಲುಬೆ ಹಿಡಿದ ತಂದೆ ದೇವರು, ಇಬ್ಬರ ನಡುವೆ ಪಾರಿವಾಳದ ರೂಪದ ಪವಿತ್ರಾತ್ಮ. ಮರಿಯಾ ಅಳುತ್ತಿಲ್ಲ. ನಿಮ್ಮ ಕಡೆ ನೋಡಿ, ನೋಡಿದಿರಾ ಅನ್ನುವ ಹಾಗೆ ಕೈ ತೋರಿಸುತ್ತಾಳೆ. ಕಂಬದ ಹೊರಗೆ, ನಮ್ಮ ಕಡೆಗೆ, ಚಿತ್ರಕ್ಕೆ ಹಣ ಕೊಟ್ಟ ಗಂಡ ಹೆಂಡತಿ ಮಂಡಿಯೂರಿದ್ದಾರೆ.

ಕಣ್ಣಿನ ಎತ್ತರಕ್ಕಿಂತ ಕೆಳಗೆ ಒಂದು ಗೋರಿ, ಅದರ ಮೇಲೆ ಅಸ್ಥಿಪಂಜರ. ಮೇಲಿನ ಬರಹ ಹೇಳುವುದು ಇಷ್ಟು: ನಾನೂ ಒಂದು ಕಾಲಕ್ಕೆ ನಿಮ್ಮ ಹಾಗೇ ಇದ್ದೆ, ನಾನೀಗ ಹೇಗಿದ್ದೇನೋ ನೀವೂ ಹಾಗೇ ಆಗುತ್ತೀರಿ. ಇದನ್ನು ಬರೆದಾಗ ಮಸಾಚ್ಚೊನಿಗೆ ಇಪ್ಪತ್ತೈದರ ಆಸುಪಾಸು. 1428ರಲ್ಲಿ ರೋಮಿನಲ್ಲಿ ತೀರಿಕೊಂಡ.

ಇಂಥ ಚಿತ್ರ ಸುಮಾರು ಮುನ್ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 1565ರ ನಂತರ ಕೋಸಿಮೊ ಹೇಳಿದನೆಂದು, ಚಿತ್ರಕಾರನೂ ಕಲಾವಿದರ ಜೀವನಕಥೆ ಬರೆದವನೂ ಆದ ಜಾರ್ಜೊ ವಸಾರಿ ಚರ್ಚನ್ನು ಹೊಸದು ಮಾಡಲು ಹೊರಟ. ಈ ಚಿತ್ರದ ಮುಂದೆಯೇ ಒಂದು ಬಲಿಪೀಠ ಕಟ್ಟಿ, ತಾನೇ ಬರೆದ ಜಪಮಾಲೆ ಮಾತೆಯ ಚಿತ್ರ ಇಟ್ಟ. ತಮಾಷೆ ಅಂದರೆ, ಮಸಾಚ್ಚೊ ಬರೆದ ಕಮಾನು ಗೋಡೆಯನ್ನೇ ಕೊರೆದ ಹಾಗೆ ಕಾಣುತ್ತದೆ ಅಂತ ಬಾಯ್ತುಂಬ ಹೊಗಳಿದವನೂ ಇವನೇ. ಹೊಗಳಿದ್ದನ್ನು ಕೆಡವಲು ಮನಸ್ಸು ಬರಲಿಲ್ಲವೋ ಏನೋ, ಮುಚ್ಚಿ ಬಿಟ್ಟ. 1861ರ ಹೊತ್ತಿಗೆ ಆ ಬಲಿಪೀಠ ತೆಗೆದಾಗ ಮೇಲಿನ ಭಾಗ ಸಿಕ್ಕಿತು. ಅದನ್ನು ಕಿತ್ತು ಬಾಗಿಲಿನ ಗೋಡೆಗೆ ಸಾಗಿಸಿದರು. ಕೆಳಗಿನ ಅಸ್ಥಿಪಂಜರ ಹೊರಬಂದದ್ದು 1950ರ ದಶಕದ ಶುರುವಿನಲ್ಲಿ. ಆಮೇಲೆ ಎರಡನ್ನೂ ಹಳೆಯ ಜಾಗದಲ್ಲೇ ಸೇರಿಸಿದರು. ಚಿತ್ರದ ಬಣ್ಣ ಅಲ್ಲಲ್ಲಿ ಸವೆದಿರುವುದಕ್ಕೆ ಈ ಅಲೆದಾಟವೂ ಒಂದು ಕಾರಣ.

ಇಲ್ಲಿಂದ ಹೊರಡುವ ಮುಂಚೆ ಹತ್ತಿರದ ಕಂಬಕ್ಕೆ ಅಂಟಿದ ಪ್ರಸಂಗದ, ಅಂದರೆ ಧರ್ಮಬೋಧನೆಯ, ಕಟ್ಟೆ ನೋಡಿ. ನಕ್ಷೆ ಊರ ನಡುವಿನ ಆ ಕೆಂಪು ಗುಮ್ಮಟ ಕಟ್ಟಿದ ಬ್ರುನೆಲ್ಲೆಸ್ಕಿಯದು, ಕೆತ್ತಿದ್ದು ಅವನ ಸಾಕುಮಗ. 1614ರ ಡಿಸೆಂಬರಿನಲ್ಲಿ ತೊಮ್ಮಾಸೊ ಕಾಚ್ಚೀನಿ ಎಂಬ ಡೊಮಿನಿಕನ್ ಸನ್ಯಾಸಿ ಈ ಚರ್ಚಿನಲ್ಲೇ ಗೆಲಿಲಿಯೊನ ವಿರುದ್ಧ ಪ್ರಸಂಗ ಮಾಡಿದ. ಮುಂದೆ ನಡೆದ ವಿಚಾರಣೆಗಳಿಗೆ ಅದೊಂದು ಮುನ್ನುಡಿ. ಹೊರಗಿನ ಗೋಡೆಯಲ್ಲಿ ಸೂರ್ಯನನ್ನು ಅಳೆದವನೂ ಡೊಮಿನಿಕನ್, ಒಳಗೆ ಕೂಗಾಡಿದವನೂ ಡೊಮಿನಿಕನ್. ಇಬ್ಬರ ನಡುವೆ ನಲವತ್ತು ವರ್ಷ.

ಮೂರನೆಯ ಜಾಗ: ಮುಖ್ಯ ಬಾಗಿಲಿಗೆ ಬೆನ್ನು ಮಾಡಿ

ಈಗ ನಡುಸಾಲಿಗೆ ಬಂದು, ಮುಚ್ಚಿರುವ ದೊಡ್ಡ ಬಾಗಿಲಿಗೆ ಬೆನ್ನು ಕೊಟ್ಟು ಬಲಿಪೀಠದ ಕಡೆ ನೋಡಿ. ಚರ್ಚಿನ ಉದ್ದ ಸುಮಾರು 100 ಮೀಟರ್. ಕಣ್ಣಿಗೆ ಅದಕ್ಕಿಂತ ಜಾಸ್ತಿ ಕಾಣುತ್ತದೆ. ಮುಂದೆ ಹೋದ ಹಾಗೆ ಕಂಬಗಳ ನಡುವಿನ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ, ಅದರ ಕರಾಮತ್ತು ಇದು. ಬಾಗಿಲ ಬಳಿ ಸುಮಾರು 15 ಮೀಟರ್, ಬಲಿಪೀಠದ ಹತ್ತಿರ ಹನ್ನೊಂದೂವರೆ. ನಂಬಿಕೆ ಬರದಿದ್ದರೆ ಹೆಜ್ಜೆ ಎಣಿಸಿ. ನಾನು ಎಣಿಸಿದೆ. ಆಮೇಲೆ ಬಲಿಪೀಠದ ಕಡೆಯಿಂದ ತಿರುಗಿ ನೋಡಿ, ಚರ್ಚು ಗಿಡ್ಡವಾಗಿರುತ್ತದೆ!

ಸನ್ಯಾಸಿಗಳ ಪ್ರಸಂಗ ಕೇಳಲು ನೂರಾರು ಜನ ಸೇರುತ್ತಿದ್ದರು. ಕಂಬಗಳು ಕಡಿಮೆ, ಜಾಗ ಅಗಲ. ಆದರೆ ಅವರಿಗೆ ನೀವು ಈಗ ನೋಡುತ್ತಿರುವ ನೋಟ ಸಿಗುತ್ತಿರಲಿಲ್ಲ. ನಡುವೆ ಅಡ್ಡಗೋಡೆ ಇತ್ತು. ಆ ಕಡೆ ಸನ್ಯಾಸಿಗಳು, ಈ ಕಡೆ ಊರವರು. ಅದನ್ನು ಕೆಡವಿದ್ದೂ ವಸಾರಿಯೇ. ಮಸಾಚ್ಚೊನಿಗೆ ಮಾಡಿದ್ದಕ್ಕೆ ಬೈಯುತ್ತೇವೆ, ಈ ತೆರೆದ ನೋಟಕ್ಕೆ ಮಾತ್ರ ಥ್ಯಾಂಕ್ಸ್ ಹೇಳಬೇಕು.

ತಲೆಯ ಮೇಲೆ ನೇತಾಡುವ, ಮರದ ಮೇಲೆ ಚಿತ್ರ ಬರೆದ ದೊಡ್ಡ ಶಿಲುಬೆ ಚಿತ್ರಕಾರ ಜೊತ್ತೊನದು, 1290ರ ಸುಮಾರಿನದು. ಅದರ ಎತ್ತರ 5.78 ಮೀಟರ್. ಸರಿಯಾಗಿ ಅದರ ಕೆಳಗೆ ನಿಲ್ಲದೆ, ಕೆಲವು ಹೆಜ್ಜೆ ಹಿಂದೆ ನಿಂತು ನೋಡಿ. ಅಲ್ಲಿಯವರೆಗೆ ಬರೆಯುತ್ತಿದ್ದ ಯೇಸುವಿನ ಮೈ ಬಳ್ಳಿಯ ಹಾಗೆ ಬಳುಕುತ್ತಿತ್ತು. ಇಲ್ಲಿ ಭಾರ ಇದೆ. ತಲೆ ಮುಂದಕ್ಕೆ ಬಿದ್ದಿದೆ, ಮಂಡಿ ಮಡಚಿದೆ, ತೋಳು ಎಳೆದಿವೆ. ಸತ್ತ ಮನುಷ್ಯನ ಮೈ. 1312ರಲ್ಲಿ ರಿಕೂಚ್ಚೊ ಎಂಬ ಊರವನೊಬ್ಬ ತನ್ನ ಉಯಿಲಿನಲ್ಲಿ ಈ ಶಿಲುಬೆಯ ಮುಂದೆ ದೀಪ ಆರದ ಹಾಗೆ ಎಣ್ಣೆಗೆ ದುಡ್ಡು ಬಿಟ್ಟುಹೋದ. ನಂದಾದೀಪಕ್ಕೆ ಎಣ್ಣೆ ಬರೆದುಕೊಡುವುದು ನಮಗೆ ಹೊಸದಲ್ಲ, ಅಲ್ವಾ? ಇದು ಜೊತ್ತೊನ ಕೆಲಸ ಅನ್ನುವುದಕ್ಕೆ ಗಟ್ಟಿ ಸಾಕ್ಷಿಯೂ ಆ ಉಯಿಲೇ.

ನಾಲ್ಕನೆಯ ಜಾಗ: ಬಲಿಪೀಠದ ಹಿಂದೆ

ಮುಖ್ಯ ಬಲಿಪೀಠದ ಹಿಂದಿನ ಮೂರೂ ಗೋಡೆ ತುಂಬ ಚಿತ್ರಕಾರ ಗಿರ್ಲಾಂದಾಯೊ ಮತ್ತವನ ಕಾರ್ಖಾನೆ 1485–90ರಲ್ಲಿ ಬರೆದ ಚಿತ್ರಗಳಿವೆ. ಬೈನಾಕ್ಯುಲರ್ ತೆಗೆಯಿರಿ. ಎಡಗೋಡೆಯಲ್ಲಿ ಮರಿಯಾಳ ಕಥೆ, ಬಲಗೋಡೆಯಲ್ಲಿ ಸ್ನಾನಿಕ ಯೊವಾನ್ನನ ಕಥೆ. ಓದುವ ಕ್ರಮ ನೆನಪಿಡಿ: ಕೆಳಗಿನಿಂದ ಮೇಲಕ್ಕೆ. ಪುಸ್ತಕದ ಹಾಗೆ ಮೇಲಿನಿಂದ ಶುರು ಮಾಡಿದರೆ ಕಥೆ ತಲೆಕೆಳಗಾಗುತ್ತದೆ. ಮೊದಲ ಸಲ ನನಗೆ ಆದದ್ದು ಅದೇ.

ಕೆಳಗಿನ ಸಾಲಿನ ಜನರ ಮುಖಗಳು ಬೈಬಲ್ ಕಾಲದವಲ್ಲ, ಖರ್ಚು ಕೊಟ್ಟ ಜೊವಾನ್ನಿ ತೊರ್ನಾಬುವೋನಿಯ ಮನೆಯವರದು. ಎಡಗೋಡೆಯ ಕೆಳಗೆ ಮರಿಯಾಳ ಜನನ ನೋಡಿ. ಅಪ್ಪಟ ಬಾಣಂತಿ ಕೋಣೆ. ತಾಯಿ ಮಂಚದ ಮೇಲೆ ಒರಗಿದ್ದಾಳೆ, ಕೆಲಸದವಳು ಸೆರಗು ಹಾರಿಸಿಕೊಂಡು ಮಗುವಿನ ಸ್ನಾನಕ್ಕೆ ನೀರು ಹೊಯ್ಯುತ್ತಿದ್ದಾಳೆ, ನೋಡಲು ಬಂದ ಹೆಂಗಸರು ರೇಷ್ಮೆ ಉಟ್ಟು ಸಾಲಾಗಿ ನಿಂತಿದ್ದಾರೆ. ಮುಂದಿರುವ ಹುಡುಗಿ ಜೊವಾನ್ನಿಯ ಮಗಳು ಲುದೊವೀಕಾ. ಬಲಗೋಡೆಯಲ್ಲಿ ಮರಿಯಾ ಮತ್ತು ಯೊವಾನ್ನನ ತಾಯಿ ಎಲಿಜಬೆತ್ ಭೇಟಿಯಾಗುವ ಚಿತ್ರದಲ್ಲಿ ಬಂಗಾರದ ಉಡುಪಿನಲ್ಲಿ ಒಂದೇ ಪಕ್ಕ ಕಾಣುವ ಹಾಗೆ ನಿಂತವಳು ಸೊಸೆ ಜೊವಾನ್ನಾ. 1486ರಲ್ಲಿ ಮದುವೆ, 1488ರಲ್ಲಿ ಹೆರಿಗೆಯಲ್ಲಿ ಸಾವು. ಗೋಡೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಅದೇ 1488ರಲ್ಲಿ ಈ ಕಾರ್ಖಾನೆಗೆ ಹದಿಮೂರು ವರ್ಷದ ಒಬ್ಬ ಹುಡುಗ ಕೆಲಸ ಕಲಿಯಲು ಸೇರಿದ. ಹೆಸರು ಮೈಕೆಲ್ಯಾಂಜೆಲೊ.

ಬಲಿಪೀಠದ ಹಿಂದಿನ ಇದೇ ಚಾಪೆಲ್ಲಿನ, ಅಂದರೆ ಚರ್ಚಿನೊಳಗಿನ ಈ ಪೂಜಾಕೋಣೆಯ, ಮೇಲೆ ಸಸ್ಸೆತ್ತಿ ಎಂಬ ಬ್ಯಾಂಕಿನವನಿಗೂ ಆಸೆ ಇತ್ತು. ಆದರೆ ಅವನಿಗೆ ಬೇಕಾಗಿದ್ದದ್ದು ಸಂತ ಫ್ರಾನ್ಸಿಸ್ಸನ ಕಥೆ. ಎದುರು ಪಂಗಡದ ಗುರುವಿನ ಕಥೆಯನ್ನು ತಮ್ಮ ಬಲಿಪೀಠದ ಹಿಂದೆ ಬರೆಸಲು ಡೊಮಿನಿಕನ್ನರು ಒಪ್ಪಲಿಲ್ಲ. ಅವನು ಅದೇ ಗಿರ್ಲಾಂದಾಯೊನನ್ನು ಕರೆದುಕೊಂಡು ಸಾಂತಾ ತ್ರಿನಿತಾ ಚರ್ಚಿಗೆ ಹೋದ.

ಎಡಪಕ್ಕದ ಚಾಪೆಲ್ಲಿನಲ್ಲಿ ಬ್ರುನೆಲ್ಲೆಸ್ಕಿ ಕಡೆದ ಮರದ ಶಿಲುಬೆ ಇದೆ. ವಸಾರಿ ಹೇಳುವ ಕಥೆ ಹೀಗಿದೆ. ಗೆಳೆಯ ದೊನಾತೆಲ್ಲೊ ಮಾಡಿದ ಶಿಲುಬೆ ನೋಡಿ ಬ್ರುನೆಲ್ಲೆಸ್ಕಿ, ನೀನು ಒಬ್ಬ ರೈತನನ್ನು ಶಿಲುಬೆಗೆ ಏರಿಸಿದ್ದೀಯಲ್ಲ ಅಂದನಂತೆ. ಹಾಗಿದ್ದರೆ ನೀನೇ ಮಾಡು ಅಂದ ದೊನಾತೆಲ್ಲೊ. ಕೆಲವು ಕಾಲ ಆದ ಮೇಲೆ ಊಟಕ್ಕೆ ಬಂದ ದೊನಾತೆಲ್ಲೊ ಗೆಳೆಯ ಮಾಡಿದ ಈ ಶಿಲುಬೆ ಕಂಡು ಎಷ್ಟು ಬೆರಗಾದ ಅಂದರೆ ಮಡಿಲಲ್ಲಿದ್ದ ಮೊಟ್ಟೆಯೆಲ್ಲ ಜಾರಿ ಬಿದ್ದವಂತೆ. ಸುಮ್ನೆ ಕಟ್ಟಿದ ಕಥೆ ಇರಬಹುದು. ಶಿಲುಬೆ ನೋಡಿದರೆ ಮೊಟ್ಟೆ ಹೋದದ್ದಕ್ಕೆ ಬೇಜಾರೇನೂ ಆಗುವುದಿಲ್ಲ. ಬಲಪಕ್ಕದಲ್ಲಿ ಫಿಲಿಪ್ಪಿನೊ ಲಿಪ್ಪಿ 1502ರಲ್ಲಿ ಮುಗಿಸಿದ ಸ್ತ್ರೋತ್ಸಿ ಚಾಪೆಲ್. ನನಗೆ ಅಲ್ಲಿನ ಗದ್ದಲ ಅಷ್ಟು ಹಿಡಿಸಲಿಲ್ಲ.

ಐದನೆಯ ಜಾಗ: ಎಡತೋಳಿನ ಮೆಟ್ಟಿಲ ಮೇಲೆ

ಶಿಲುಬೆಯ ಆಕಾರದ ಈ ಕಟ್ಟಡದ ಎಡತೋಳಿನ ಕೊನೆಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಚಾಪೆಲ್ ಇದೆ. 1350ರ ದಶಕದಲ್ಲಿ ನಾರ್ದೊ ದಿ ಚಿಯೋನೆ ಬರೆದದ್ದು: ಎದುರಿಗೆ ಕಡೆಯ ತೀರ್ಪು, ಎಡಕ್ಕೆ ಸ್ವರ್ಗ, ಬಲಕ್ಕೆ ನರಕ. ನರಕ ಕವಿ ದಾಂತೆ ಬಣ್ಣಿಸಿದ ಕ್ರಮದಲ್ಲೇ ಅಂತಸ್ತು ಅಂತಸ್ತಾಗಿ ಇಳಿಯುತ್ತದೆ, ಬಸ್ ಸ್ಟ್ಯಾಂಡಿನ ಮ್ಯಾಪಿನ ಹಾಗೆ. 1348ರ ಪ್ಲೇಗ್ ಊರನ್ನು ಖಾಲಿ ಮಾಡಿ ಆಗಿನ್ನೂ ಕೆಲವೇ ವರ್ಷ. ಬಲಿಪೀಠದ ಮೇಲಿನ 1357ರ ಚಿತ್ರ ನಾರ್ದೊನ ಅಣ್ಣತಮ್ಮಂದಿರಲ್ಲೇ ಒಬ್ಬನಾದ ಒರ್ಕಾನ್ಯಾನದು. ಬಿಡುವಿದ್ದರೆ ಇಲ್ಲಿ ಹತ್ತು ನಿಮಿಷ.

ಆರನೆಯ ಜಾಗ: ಹಸಿರು ಅಂಗಳ ಮತ್ತು ಸ್ಪ್ಯಾನಿಷ್ ಚಾಪೆಲ್

ಎಷ್ಟೋ ಜನ ಇದನ್ನು ನೋಡದೆ ಹೊರಟುಬಿಡುತ್ತಾರೆ. ಚರ್ಚಿನ ಎಡಗಡೆಯ ಬಾಗಿಲಿನಿಂದ ಮಠದೊಳಗೆ ಹೋಗಿ. ತೊಟ್ಟಿಮನೆಯ ತೊಟ್ಟಿಯನ್ನು ಹತ್ತು ಪಟ್ಟು ದೊಡ್ಡದು ಮಾಡಿದ ಹಾಗೆ ನಡುವೆ ಅಂಗಳ, ಸುತ್ತ ಕಮಾನಿನ ಜಗಲಿ. ಹಸಿರು ಅನ್ನುವುದು ಹುಲ್ಲಿಗಲ್ಲ, ಗೋಡೆಯ ಚಿತ್ರಗಳಿಗೆ ಬಳಸಿದ ಹಸಿರು ಮಣ್ಣಿನ ಬಣ್ಣಕ್ಕೆ. ಪಾವೊಲೊ ಉಚ್ಚೆಲ್ಲೊ ಬರೆದ ನೋಹನ ಪ್ರಳಯ ಇಲ್ಲಿಯದು. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಊರಿಗೆ ನುಗ್ಗಿದಾಗ ಈ ಅಂಗಳಕ್ಕೂ ನೀರು ಬಂತು. ಪ್ರಳಯದ ಚಿತ್ರವಿದ್ದ ಜಾಗಕ್ಕೇ ಪ್ರಳಯ.

ಅಂಗಳದ ಒಂದು ಬದಿಯಲ್ಲಿ ಸನ್ಯಾಸಿಗಳು ಸಭೆ ಸೇರುತ್ತಿದ್ದ ಕೋಣೆ. 16ನೇ ಶತಮಾನದಲ್ಲಿ ಕೋಸಿಮೊನ ಹೆಂಡತಿ, ತೊಲೇದೊದ ಎಲಿಯೊನೋರಾಳ ಜೊತೆ ಬಂದ ಸ್ಪೇನಿನವರ ಪೂಜೆಗೆ ಇದನ್ನು ಬಿಟ್ಟುಕೊಟ್ಟದ್ದರಿಂದ ಸ್ಪ್ಯಾನಿಷ್ ಚಾಪೆಲ್ ಎಂಬ ಹೆಸರು. ಕೋಣೆಯ ನಡುವೆ ನಿಂತು ಒಂದು ಸುತ್ತು ನಿಧಾನವಾಗಿ ತಿರುಗಿ. ನಾಲ್ಕೂ ಗೋಡೆ, ಚಾವಣಿ ಎಲ್ಲ ಆಂದ್ರೆಯಾ ದಿ ಬೊನಾಯುತೊ 1365–67ರಲ್ಲಿ ಬರೆದದ್ದು.

ಬಲಗೋಡೆಯ ಹತ್ತಿರ ಹೋಗಿ ನಾಯಿಗಳನ್ನು ಹುಡುಕಿ. ಮಕ್ಕಳಿದ್ದರೆ ಈ ಕೆಲಸ ಅವರಿಗೇ ಕೊಡಿ. ಕಪ್ಪು ಬಿಳಿ ನಾಯಿಗಳು ತೋಳಗಳ ಮೇಲೆ ಎರಗುತ್ತಿವೆ, ಕುರಿಗಳನ್ನು ಕಾಯುತ್ತಿವೆ. ಲ್ಯಾಟಿನ್‌ನಲ್ಲಿ ‘ದೋಮಿನಿ ಕಾನೆಸ್’ ಅಂದರೆ ದೇವರ ನಾಯಿಗಳು, ಡೊಮಿನಿಕನ್ ಹೆಸರಿನ ಮೇಲೆ ಮಾಡಿದ ಶ್ಲೇಷೆ. ಅವರ ಉಡುಪೂ ಕಪ್ಪು ಬಿಳಿ. ತೋಳಗಳು ಅಂದರೆ ಚರ್ಚಿನ ಮಾತು ಕೇಳದವರು. ಅಂಥವರ ಮೇಲೆ ಧರ್ಮವಿಚಾರಣೆ ನಡೆಸುತ್ತಿದ್ದ ಪಂಗಡ ತನ್ನನ್ನೇ ಹೀಗೆ ಬರೆಸಿಕೊಂಡದ್ದು ನೋಡಿದರೆ ನಗುವೂ ಬರುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಅದೇ ಗೋಡೆಯಲ್ಲಿ ಎಡಕ್ಕೆ ಗುಲಾಬಿ ಬಣ್ಣದ ದೊಡ್ಡ ಚರ್ಚು ಇದೆಯಲ್ಲ, ಅದು ಫ್ಲಾರೆನ್ಸ್‌ನ ಕಥೀಡ್ರಲ್, ಗುಮ್ಮಟದ ಸಮೇತ. ಬ್ರುನೆಲ್ಲೆಸ್ಕಿ ಆ ಗುಮ್ಮಟ ಕಟ್ಟಲು ಶುರು ಮಾಡಿದ್ದು 1420ರಲ್ಲಿ. ಚಿತ್ರಕಾರ ಐವತ್ತು ವರ್ಷ ಮುಂಚೆಯೇ ಬರೆದಿಟ್ಟಿದ್ದಾನೆ! ಎದುರಿನ ಗೋಡೆಯಲ್ಲಿ ಪಂಗಡದ ದೊಡ್ಡ ವಿದ್ವಾಂಸ ಥಾಮಸ್ ಅಕ್ವಿನಾಸ್ ಸಿಂಹಾಸನದಲ್ಲಿ ಕೂತಿದ್ದಾನೆ. ಚಿತ್ರ ಅಂದವಾಗಿದೆ, ಆದರೆ ಅದರ ಮುಂದೆ ನಿಂತರೆ ಪರೀಕ್ಷಾ ಹಾಲಿಗೆ ಬಂದ ಹಾಗೆ ಅನ್ನಿಸುತ್ತದೆ.

ಹೊರಗೆ ಬಂದ ಮೇಲೆ

ಕಾಲು ನೋಯುತ್ತಿರುತ್ತದೆ. ಸ್ಕಾಲಾ ಬೀದಿಯ 16ನೇ ನಂಬರಿನಲ್ಲಿ ಮಠದ ಹಳೆಯ ಔಷಧದಂಗಡಿ ಇದೆ. ಸನ್ಯಾಸಿಗಳು ಬೆಳೆಸಿದ ಗಿಡಮೂಲಿಕೆಯಿಂದ ಶುರುವಾಗಿ 1612ರಲ್ಲಿ ಊರವರಿಗೆ ಬಾಗಿಲು ತೆರೆದದ್ದು. ಈಗ ಸುಗಂಧದ ಅಂಗಡಿ. ಬೆಲೆ ಜಾಸ್ತಿ, ಆದರೆ ಒಳಗಿನ ಹಳೆಯ ಕೋಣೆ ನೋಡಿ ಪರಿಮಳ ಹೀರಿಕೊಂಡು ಬರಲು ಅಡ್ಡಿಯಿಲ್ಲ.

ಮರುದಿನ ಉಫೀಜಿ ಗ್ಯಾಲರಿಗೆ ಹೋಗುತ್ತೀರಿ ಅಂದರೆ, ಹಿಂದಿನ ದಿನವೇ ಚರ್ಚಿನ ಬಲತೋಳಿನ ರುಚೆಲ್ಲಾಯಿ ಚಾಪೆಲ್ಲಿನಲ್ಲಿ ಒಂದು ನಿಮಿಷ ನಿಂತಿರಿ. ದುಚ್ಚೊ ಬರೆದ ನಾಲ್ಕೂವರೆ ಮೀಟರ್ ಎತ್ತರದ ಮಾತೆಯ ಚಿತ್ರ ಬಹಳ ಕಾಲ ಇದ್ದದ್ದು ಅಲ್ಲಿ. ದೇವರ ಹಾಡು ಹೇಳುವ ಇಲ್ಲಿನ ಒಂದು ಭಕ್ತರ ಸಂಘ 1285ರ ಏಪ್ರಿಲ್ 15ರಂದು ಕರಾರು ಬರೆದು ಮಾಡಿಸಿದ್ದು. ಉಫೀಜಿಯಲ್ಲಿ ಅದರ ಮುಂದೆ ನಿಂತಾಗ ಗ್ಯಾಲರಿಯ ದೀಪ ಮರೆತು, ಮೇಣದಬತ್ತಿಯ ಬೆಳಕಿನ ಮಬ್ಬಿನಲ್ಲಿ, ಹಾಡುವ ಜನರ ತಲೆಗಳ ಮೇಲಿಂದ ಅದನ್ನು ನೋಡುತ್ತಿದ್ದೇನೆ ಅಂದುಕೊಳ್ಳಿ. ಸ್ವಲ್ಪ ಹಿಂದೆ ಸರಿಯಿರಿ. ಇನ್ನೂ ಸ್ವಲ್ಪ. ಹಾಂ, ಅಲ್ಲೇ.